ಮಂಚದ ಕೆಳಗಿನ ಶಾಫ್ಟು

ವಿಠ್ಠಲವಾಡಿಯಲ್ಲಿ ಕೆಟ್ಟು ನಿಂತ ಹನ್ನೆರಡು ಡಬ್ಬಿಯ ಲೋಕಲ್ ರೈಲನ್ನು ಯಜ್ಞೇಶ್ವರನ ಕಾರು ಹಗ್ಗ ಕಟ್ಟಿ ಕಲ್ಯಾಣದವರೆಗೆ ಎಳೆದುಕೊಂಡು ಹೋಯಿತು. ರೈಲಿನ ಬಾಗಿಲುಗಳಲ್ಲಿ ಜನ ಜೋತುಬಿದ್ದಿದ್ದರು. ಭಾರವಾದೀತೆಂದು ಒಬ್ಬನೂ ಇಳಿಯಲಿಲ್ಲ. ಎಳೆಯುವಾಗ ಕಾರಿನಲ್ಲಿ ಎ.ಸಿ. ಕೂಡ ಹಾಕಿತ್ತು.

ನಂಬದವರು ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿಗೆ ತಾಗಿಕೊಂಡಿರುವ ಹೋಟೆಲಿಗೆ ಹೋಗಿ, ಸಂಬಳಕ್ಕೆ ಗಲ್ಲಾದಲ್ಲಿ ಕೂತಿರುವ ಯಜ್ಞೇಶ್ವರನನ್ನೇ ಕೇಳಬಹುದು. ಒಂದು ಕೈಯಲ್ಲಿ ಚಿಲ್ಲರೆ ಕೊಡುತ್ತಾ, ಇನ್ನೊಂದು ಕೈಯಲ್ಲಿ ಸೋಂಪಿನ ತಟ್ಟೆ ಮುಂದೆ ತಳ್ಳುತ್ತಾ ಅವನು ಈ ಸಂಗತಿಯನ್ನು ವಿವರಿಸುತ್ತಾನೆ. ಮೊದಲು ಹೇಳಿದಾಗ ರೈಲು ಒಂಬತ್ತು ಡಬ್ಬಿಯದಾಗಿತ್ತು. ಗಿರಾಕಿ ಇನ್ನೊಂದು ಚಹಾ ತರಿಸಿಕೊಂಡು ಕೂತದ್ದನ್ನು ಕಂಡು ಮೂರು ಡಬ್ಬಿ ಹೆಚ್ಚಿಗೆ ಜೋಡಿಸಿದ. ಇಂಥ ಉದಾರ ಮನುಷ್ಯ ಠಾಣೆ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ.

ಆ ಕಾರು ಅವನು ಕೊಂಡದ್ದಲ್ಲ. ಹೆಂಡತಿ ದಮಯಂತಿಯ ಅಣ್ಣ ಶೇಖರ ವಾಶಿಯಲ್ಲಿ ಟ್ರಾವೆಲ್ಸ್ ನಡೆಸುವವನು. ಹೊಸದು ಬಂದಾಗ ಹಳೆಯದನ್ನು ತಂಗಿಗೆ ಕೊಟ್ಟಿದ್ದ. ಬರೀ ಕಾರಲ್ಲ, ನಾಲ್ಕೂ ಚಕ್ರ ಎಳೆಯುವ ಕಾರು. ಸಾಮಾನ್ಯ ಕಾರಿನಲ್ಲಿ ಎರಡು ಚಕ್ರ ದುಡಿಯುತ್ತವೆ, ಇನ್ನೆರಡು ಮದುವೆ ದಿಬ್ಬಣದಲ್ಲಿ ಗಂಡಿನ ಕಡೆಯವರು ಬಂದಂತೆ ಸುಮ್ಮನೆ ಜೊತೆಗೆ ಬರುತ್ತವೆ. ಇದರಲ್ಲಿ ಹಾಗಲ್ಲ. "ನಾಲ್ಕಕ್ಕೆ ನಾಲ್ಕೂ ದುಡೀತದೆ ಮಾರಾಯ್ರೆ. ಹಿಮಾಲಯ ಹತ್ತಲಿಕ್ಕೆ ಮಾಡಿದ ಗಾಡಿ," ಎಂದು ಯಜ್ಞೇಶ್ವರ ಸೊಸೈಟಿಯ ಗೇಟಿನಲ್ಲಿ ನಿಂತು ಬಂದವರಿಗೆಲ್ಲ ಹೇಳುತ್ತಿದ್ದ. ಕಲ್ಯಾಣ-ಶೀಳ್ ರಸ್ತೆಯ ಮೇಲಿನ ಆ ಸೊಸೈಟಿಯಿಂದ ಹೋಟೆಲಿನವರೆಗೆ ಹತ್ತಬೇಕಾದ ಹಿಮಾಲಯವೆಂದರೆ ಎರಡು ಸ್ಪೀಡ್‌ಬ್ರೇಕರ್ ಮಾತ್ರ.

ಈ ಮಹಾ ವಾಹನಕ್ಕೆ ಒಂದೇ ಒಂದು ಸಣ್ಣ ದೋಷವಿತ್ತು. ಅದು ತಿರುಗುತ್ತಿರಲಿಲ್ಲ.

ನೇರ ಹೋಗು ಎಂದರೆ ಬಾಣದಂತೆ ಹೋಗುತ್ತಿತ್ತು. ಸ್ಟೀಯರಿಂಗನ್ನು ಪೂರ್ತಿ ತಿರುಗಿಸಿದರೆ ಮಾತ್ರ ಗರ್ರೆಂದು ಹಲ್ಲು ಕಚ್ಚಿ, ಕುಪ್ಪಳಿಸಿ, ನಿಂತಲ್ಲೇ ನಡುಗುತ್ತಿತ್ತು. ಯಜ್ಞೇಶ್ವರ ಬಲಕ್ಕೆ ತಿರುಗಬೇಕಾದ ಕಡೆಯಲ್ಲೆಲ್ಲ ಎಡದ ಅಗಲ ಬೀದಿ ಹಿಡಿದು, ಗಣಪತಿ ದೇವಸ್ಥಾನ ಸುತ್ತಿ, ಮಾರ್ಕೆಟ್ ಸುತ್ತಿ, ಒಂದು ಸಣ್ಣ ತೀರ್ಥಯಾತ್ರೆ ಮುಗಿಸಿ ಹೋಟೆಲು ಸೇರುತ್ತಿದ್ದ. ಕೇಳಿದವರಿಗೆ, "ಶಕ್ತಿ ಹೆಚ್ಚಾದ್ರೆ ಹಾಗೆಯೇ. ಆನೆ ಸಣ್ಣ ಗಲ್ಲಿಯಲ್ಲಿ ತಿರುಗ್ತದಾ?" ಎನ್ನುತ್ತಿದ್ದ.

ದಮಯಂತಿ ಡ್ರೈವಿಂಗ್ ಶಾಲೆಯ ಪುಟ್ಟ ಕಾರಿನಲ್ಲಿ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. ಪತ್ರೊಡೆ, ಹೋಳಿಗೆ, ಉಪ್ಪಿನಕಾಯಿ ಮಾಡಿ ಕೊಡುವ ಅವಳಿಗೆ ಆರ್ಡರುಗಳನ್ನು ತಾನೇ ಮುಟ್ಟಿಸಬೇಕೆಂಬ ಆಸೆ. ಒಂದು ಭಾನುವಾರ ಇಡೀ ಸೊಸೈಟಿ ಬಾಲ್ಕನಿಯಲ್ಲಿ ನಿಂತು ನೋಡುತ್ತಿರಲು ಅವಳು ಈ ಕಾರನ್ನು ಗೇಟಿನ ತಿರುವಿನವರೆಗೆ ತಂದಳು. ಸ್ಟೀಯರಿಂಗ್ ತಿರುಗಿಸಿದಳು. ಕಾರು ಕುಪ್ಪಳಿಸಿತು, ಕಂಬಕ್ಕೆ ಕೆನ್ನೆ ಉಜ್ಜಿತು, ಸೊಸೈಟಿಯ ಸೆಕ್ರೆಟರಿ ಚಿಟ್ನಿಸರ ತುಳಸಿ ಕುಂಡವನ್ನು ಹುಡಿಮಾಡಿತು.

"ಅಹೋ ಶೆಟ್ಟಿ!" ಎಂದು ಚಿಟ್ನಿಸರು ಮೇಲಿನಿಂದ ಕೂಗಿದರು. ಯಜ್ಞೇಶ್ವರ ಶೆಟ್ಟಿಯಲ್ಲ. ಆದರೆ ಮುಂಬಯಿ ಕಡೆ ಹೋಟೆಲಿನ ಗಲ್ಲಾದಲ್ಲಿ ಕೂತವರೆಲ್ಲ ಶೆಟ್ಟಿಯೇ. "ಹೇ ಕಾಯ್ ಚಾಲಲಂಯ್? ಕುಂಡಿ ಫುಟಲೀ ನಾ!" ಏನಿದು ನಡೆದಿರುವುದು, ಕುಂಡ ಒಡೆಯಿತಲ್ಲ ಎಂದು ಅವರ ಮರಾಠಿ ಗೋಳು.

ಅಷ್ಟು ಜನರ ಮುಂದೆ ಏನಾದರೂ ಹೇಳಲೇಬೇಕಿತ್ತು. ಬಾಯಿ ಯಾವತ್ತೂ ತಲೆಗಿಂತ ಎರಡು ಸ್ಟೇಷನ್ ಮುಂದೆ ಇರುವ ಯಜ್ಞೇಶ್ವರ ಹೇಳಿಯೂಬಿಟ್ಟ: "ಇದು ನಾಲ್ಕು ಚಕ್ರದ ಶಕ್ತಿ ಸಾಹೇಬ್ರೆ. ಹೆಂಗಸರ ಕೈಗೆ ಬಗ್ಗುವಂಥದ್ದಲ್ಲ."

ಬಾಲ್ಕನಿಗಳು ನಕ್ಕವು. ದಮಯಂತಿ ಕಾರಿನಿಂದಿಳಿದು, ಸೆರಗಿನಲ್ಲಿ ಮಣ್ಣು ಬಾಚಿಕೊಂಡು, ತುಳಸಿಯನ್ನು ಒಂದು ಡಾಲ್ಡಾ ಡಬ್ಬಿಯಲ್ಲಿ ನೆಟ್ಟು ಚಿಟ್ನಿಸರಿಗೆ ಕೊಟ್ಟು ಬಂದಳು. ಲೈಸೆನ್ಸು ಮದುವೆ ಸೀರೆಯ ಮಡಿಕೆಯೊಳಗೆ ಹೋಯಿತು. ಅವಳು ಜಗಳವಾಡಲಿಲ್ಲ, ಮಾತು ಬಿಡಲಿಲ್ಲ, ಸಾರಿಗೆ ಉಪ್ಪು ಹೆಚ್ಚು ಹಾಕಲಿಲ್ಲ. ಆದರೆ ಆಮೇಲೆ ಎಲ್ಲಿಗೆ ಹೊರಟರೂ ಮಗಳು ತನ್ವಿಯ ಜೊತೆ ಹಿಂದಿನ ಸೀಟಿನಲ್ಲಿ ಕೂರತೊಡಗಿದಳು. ಮುಂದಿನ ಸೀಟಿನಲ್ಲಿ ತಿಂಡಿಯ ಡಬ್ಬಿ ಇಡುತ್ತಿದ್ದಳು.

ಯಜ್ಞೇಶ್ವರ ಡಬ್ಬಿಯ ಜೊತೆ ಮಾತಾಡಿ ನೋಡಿದ. ಡಬ್ಬಿ ಅವನ ಯಾವ ಸಾಹಸಕ್ಕೂ "ಹೌದಾ?" ಎನ್ನಲಿಲ್ಲ.

ಹೀಗಾಗಿ ಒಂದು ದಿನ ಅವನು ಯಾರಿಗೂ ಹೇಳದೆ ಕಾರನ್ನು ವಿಠ್ಠಲವಾಡಿಯ ದಿಲೀಪನ ಗ್ಯಾರೇಜಿಗೆ ಒಯ್ದ. ದಿಲೀಪ ವಿಜಯಪುರದ ಕಡೆಯವನು, ಹುಟ್ಟಿದ್ದು ವಿಠ್ಠಲವಾಡಿಯಲ್ಲೇ. ಮಾತಿನಲ್ಲಿ ಯಜ್ಞೇಶ್ವರನಿಗೆ ಸರಿಸಮ. ತಾನು ಹೆಲಿಕಾಪ್ಟರ್ ಕೂಡ ರಿಪೇರಿ ಮಾಡಿದ್ದೇನೆ, ನಿಲ್ಲಿಸಲು ಜಾಗ ಸಾಲದೆ ಆ ಧಂದೆ ಬಿಟ್ಟೆ ಎನ್ನುತ್ತಾನೆ. ಅವನು ಕಾರಿನಡಿ ನುಸುಳಿ, ಹೊರಬಂದು, ಸತ್ತವರ ಮನೆಯಲ್ಲಿ ನಿಲ್ಲುವಂತೆ ನಿಂತ.

"ಸೇಠ್, ಮುಂದಿನ ಗಾಲಿ ಹಿಂದಿನ ಗಾಲಿ ಎರಡೂ ಕೋರ್ಟಿಗೆ ಹೋಗೋ ಗಂಡ-ಹೆಂಡ್ತಿ ಆಗ್ಯಾವ."

"ಅಂದ್ರೆ ಎಂತದು?"

"ತಿರುವಿನಾಗ ಮುಂದಿಂದು ಜಾಸ್ತಿ ಓಡಬೇಕು, ಹಿಂದಿಂದು ಕಮ್ಮಿ. ನಡುವ ಒಂದು ಪೆಟ್ಟಿಗಿ ಐತಿ, ಅದು ಇಬ್ಬರಿಗೂ ಸಮಾಧಾನ ಹೇಳ್ತದ. ನಿಮ್ಮ ಗಾಡ್ಯಾಗ ಆ ಪೆಟ್ಟಿಗಿ ಬಿಗಿದು ಕಲ್ಲಾಗೇದ. ಹೊಸಾದು ಸಿಗಂಗಿಲ್ಲ. ಗಾಡಿ ಬಹಳ ಹಳೀದು. ಏಕ್ ಕಾಮ್ ಕರೂ? ಮುಂದಿನ ಶಾಫ್ಟ್ ತಗದಬಿಡ್ತೀನಿ. ಹಿಂದಿನ ಎರಡು ಎಳೀಲಿ, ಮುಂದಿನ ಎರಡು ಬರೇ ದಾರಿ ತೋರಿಸಲಿ. ಮಕ್ಖನ್ ಹಂಗ ತಿರುಗ್ತದ."

"ಆಗ ಇದು ನಾಲ್ಕು ಚಕ್ರದ ಗಾಡಿ ಆಗಿ ಉಳಿಯೋದಿಲ್ಲ?"

"ಗಾಲಿ ನಾಲ್ಕೇ ಇರ್ತಾವ ಸೇಠ್. ನಾ ಕದಿಯಂಗಿಲ್ಲ."

ಯಜ್ಞೇಶ್ವರನ ಕಣ್ಣ ಮುಂದೆ ಹಿಮಾಲಯ ಕರಗಿತು. ಆದರೆ ಅದರ ಹಿಂದೆ ಮುಂದಿನ ಸೀಟಿನ ಡಬ್ಬಿ ಕಾಣಿಸಿತು. "ತೆಗಿ," ಎಂದ.

ಕೆಲಸ ಮುಗಿದ ಮೇಲೆ ದಿಲೀಪ ತೆಗೆದ ಶಾಫ್ಟನ್ನು ಮುಂದಿಟ್ಟ. ಗ್ಯಾರೇಜಿಗೆ ಹೋದವನು ತೆಗೆದ ಹಳೆ ಸಾಮಾನನ್ನು ಮನೆಗೆ ತರಲೇಬೇಕು, ಇಲ್ಲವಾದರೆ ಮೆಕ್ಯಾನಿಕ್ ಬಿಲ್ಲಿನಲ್ಲಿ ಬರೆದದ್ದೆಲ್ಲ ಸುಳ್ಳು ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಎಷ್ಟೋ ಮನೆಗಳ ಅಟ್ಟದಲ್ಲಿ ಗಾಡಿಯೇ ಇಲ್ಲದಿದ್ದರೂ ಅದರ ಕ್ಲಚ್ ಪ್ಲೇಟು ಇರುತ್ತದೆ. ಯಜ್ಞೇಶ್ವರನೂ ಎರಡು ಮೊಳ ಉದ್ದದ ಆ ಕಬ್ಬಿಣವನ್ನು ಹಳೆ ಹೊದಿಕೆಯಲ್ಲಿ ಸುತ್ತಿ, ಬಾಣಂತಿ ಮಗುವನ್ನು ತರುವಂತೆ ಎದೆಗವಚಿಕೊಂಡು ಸೊಸೈಟಿಯ ಮೆಟ್ಟಿಲು ಹತ್ತಿದ. ಲಿಫ್ಟು ಆ ದಿನವೂ ಕೆಟ್ಟಿತ್ತು.

ಎರಡನೇ ಮಹಡಿಯಲ್ಲಿ ಮಹಾದೇವಪ್ಪ ಎದುರಾದ. ಕಲಬುರಗಿಯವನು, ಭಿವಂಡಿಯ ಗೋಡೌನುಗಳಲ್ಲಿ ಲೋಡಿಂಗ್ ಮಾಡುವ ಗುಂಪಿನ ಮುಕಾದಮ. ಕಬ್ಬಿಣವನ್ನು ಹೊದಿಕೆಯ ಮೇಲಿನಿಂದಲೇ ಗುರುತಿಸುತ್ತಾನೆ.

"ಯಜ್ಞೇಶ್ವರಣ್ಣಾ, ಇದು ನಿಮ್ಮ ಗಾಡೀದು ಶಾಫ್ಟ್ ಅಲ್ಲೇನ್ರಿ? ಯಾಕ್ರಿ ಬಿಚ್ಚೀರಿ?"

ನಿಜ ಹೇಳಿದರೆ ಹಿಮಾಲಯದ ಗತಿ? ಯಜ್ಞೇಶ್ವರ ತುಟಿಯ ಮೇಲೆ ಬೆರಳಿಟ್ಟ. "ಶ್! ಯಾರಿಗೂ ಹೇಳ್ಬೇಡಿ ಮಾರಾಯ್ರೆ." ಆಮೇಲೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟ.

ಆ ನಿಟ್ಟುಸಿರು ಶಾಫ್ಟಿನ ಭಾರದ್ದು, ಎರಡು ಮಹಡಿಯ ಮೆಟ್ಟಿಲಿನದು. ಮಹಾದೇವಪ್ಪ ಅದರಲ್ಲಿ ಒಂದು ಸಂಸಾರ ಮುಳುಗುವ ಸದ್ದು ಕೇಳಿದ.

ಅವನು ಮಾತಿಗೆ ತಪ್ಪುವವನಲ್ಲ. ಯಾರಿಗೂ ಹೇಳಲಿಲ್ಲ, ಹೆಂಡತಿ ಚಂದ್ರಬಾಯಿಗೆ ಮಾತ್ರ ಹೇಳಿದ. ಅವಳೂ ಯಾರಿಗೂ ಹೇಳಲಿಲ್ಲ; ನಲ್ಲಿಯ ಹತ್ತಿರ ಸಿಕ್ಕವರಿಗೆ ಮಾತ್ರ ಹೇಳಿದಳು. ಕುಕ್ಕರು ಮೂರು ಸೀಟಿ ಹೊಡೆಯುವುದರೊಳಗೆ ಯಜ್ಞೇಶ್ವರ ಶಾಫ್ಟು ಮಾರಲು ಹೊರಟಿದ್ದ. ಸಂಜೆಗೆ ಎಂಜಿನ್ನೂ ಹೋಗಿತ್ತು. ಸುದ್ದಿ ಠಾಣೆ ದಾಟಿ, ಖಾಡಿಯ ಹಿನ್ನೀರು ದಾಟಿ ವಾಶಿ ಮುಟ್ಟುವಾಗ ಹೋಟೆಲು ಮುಚ್ಚಿತ್ತು, ಅವನಿಗೆ ಕೆಲಸವಿರಲಿಲ್ಲ. ಬೆಳಿಗ್ಗೆ ಡಬ್ಬಿ ಹಿಡಿದು ಹೊರಡುವುದು ಹೆಂಡತಿಯನ್ನು ನಂಬಿಸಲಿಕ್ಕೆ, ದಿನವಿಡೀ ಕಲ್ಯಾಣ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿರುತ್ತಾನೆ ಎಂದಾಗಿತ್ತು.

ಇತ್ತ ಹೋಟೆಲಿನ ಗಲ್ಲಾದಲ್ಲಿ ಭದ್ರವಾಗಿ ಕೂತ ಯಜ್ಞೇಶ್ವರನಿಗೆ ಒಬ್ಬ ಗಿರಾಕಿ, "ಗಾಡಿ ತಗೊಂಡು ವಿಠ್ಠಲವಾಡಿಗೆ ಯಾಕೆ ಹೋಗಿದ್ರಿ? ಕೈಯೆಲ್ಲ ಕಪ್ಪಾಗಿತ್ತಲ್ಲ?" ಎಂದು ಕೇಳಿದ್ದ. ಆ ಕ್ಷಣವೇ ಲೋಕಲ್ ರೈಲು ಎಳೆದ ಚರಿತ್ರೆ ಹುಟ್ಟಿದ್ದು.

ಮರುದಿನದಿಂದ ವಿಚಿತ್ರ ಶುರುವಾಯಿತು. ಚಿಟ್ನಿಸರು ಮೆಟ್ಟಿಲಲ್ಲಿ ಅವನನ್ನು ತಡೆದು, ಹೆಗಲ ಮೇಲೆ ಕೈಯಿಟ್ಟು, "ಕಾಳಜಿ ಕರೂ ನಕಾ ಶೆಟ್ಟಿ. ಕಂಬದ ಪೇಂಟಿಂಗ್‌ದು ನೋಟೀಸು ನಾನು ಹರಿದು ಹಾಕ್ದೆ. ತುಮ್ಹೀ ಆಮಚೇಚ್," ಎಂದು, ಚಿಂತೆ ಬೇಡ, ನೀವು ನಮ್ಮವರೇ ಎಂಬಂತೆ ಬೆನ್ನು ತಟ್ಟಿದರು. ಕಣ್ಣು ಒದ್ದೆಯಾಗಿತ್ತು. ಮೀನು ಮಾರುವವಳು ಬಂಗುಡೆಯ ಮೇಲೆ ಒಂದು ಹಿಡಿ ಸಿಗಡಿ ಹೆಚ್ಚಿಗೆ ಸುರಿದಳು. ರಿಕ್ಷಾದವನು ಮೀಟರು ನೋಡದೆ ಕೈಮುಗಿದ. ಶೇಖರ ವಾಶಿಯಿಂದ ಒಂದು ಮೂಟೆ ಕುಚ್ಚಲಕ್ಕಿ ಕಳಿಸಿದ.

"ನೋಡು," ಎಂದು ಯಜ್ಞೇಶ್ವರ ಮೀಸೆ ತೀಡಿ ಮಗಳಿಗೆ ಹೇಳಿದ. "ರೈಲಿನ ಸುದ್ದಿ ವಾಶಿವರೆಗೆ ಹೋಗಿಯುಂಟು. ಖ್ಯಾತಿ ಅಂದ್ರೆ ಹೀಗೆ."

"ಪಪ್ಪಾ, ಕಾಹೀತರೀ ಗಡಬಡ್ ಆಹೇ," ಎಂದಳು ತನ್ವಿ, ಎಲ್ಲೋ ಏನೋ ಎಡವಟ್ಟಾಗಿದೆಯೆಂದು. ಮನೆಯಲ್ಲಿ ಸರಿಯಾಗಿ ಯೋಚಿಸುತ್ತಿದ್ದವಳು ಅವಳೊಬ್ಬಳೇ. ಮರಾಠಿಯಲ್ಲಿ ಯೋಚಿಸುತ್ತಿದ್ದುದರಿಂದ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅವನು ಹೋಟೆಲಿಗೆ ಹೋದಾಗ ಚಂದ್ರಬಾಯಿ ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಹಿಡಿದು ಬಂದು ದಮಯಂತಿಯ ಪಕ್ಕ ನೆಲದ ಮೇಲೆ ಕೂತಳು.

"ತಂಗಿ, ಮನಸ್ಸಿಗೆ ಹಚ್ಕೊಬ್ಯಾಡ. ನಾವೂ ಈ ಊರಿಗೆ ಬಂದಾಗ ಒಂದು ಚಾದರ, ಒಂದು ತಂಬಿಗಿ ಅಷ್ಟೇ ತಂದಿದ್ವಿ. ಗಂಡಸರು ಇಂಥಾದ್ದು ಹೇಳಂಗಿಲ್ಲ ನೋಡು. ಮರ್ಯಾದಿ ಅಂತಾರ."

"ಎಂತ ಹೇಳೋದಿಲ್ಲ ಚಂದ್ರಕ್ಕಾ?"

ಚಂದ್ರಬಾಯಿ ಹೇಳಿದಳು. ದಮಯಂತಿ ನಂಬಲಿಲ್ಲ. ಮಧ್ಯಾಹ್ನ ಕಸ ಗುಡಿಸುವಾಗ ಮಂಚದ ಕೆಳಗೆ ಪೊರಕೆ ಯಾವುದಕ್ಕೋ ತಾಗಿ ಠಣ್ ಎಂದಿತು. ಹೊದಿಕೆ ಬಿಚ್ಚಿ ನೋಡಿದಳು. ಗ್ರೀಸು ಮೆತ್ತಿದ ಕಪ್ಪು ಶಾಫ್ಟು ಅಲ್ಲಿ ಮಲಗಿತ್ತು. ಸ್ವಲ್ಪ ಹೊತ್ತು ಅದರ ಎದುರಿಗೇ ಕೂತಳು. ಆಮೇಲೆ ಮತ್ತೆ ಹೊದಿಸಿ, ಎದ್ದು, ಮದುವೆ ಸೀರೆಯ ಮಡಿಕೆ ಬಿಚ್ಚಿ ಲೈಸೆನ್ಸು ತೆಗೆದಳು.

ಆ ಭಾನುವಾರ ಕೋಪರ್‌ಖೈರಣೆಯ ಸಭಾ ಹಾಲಿನಲ್ಲಿ ಕರಾವಳಿಯವರ ಸಂಘದ ಆಟಿ ಕೂಟ. ಊರಿನಲ್ಲಿ ಆಟಿ ತಿಂಗಳೆಂದರೆ ಮಳೆ, ಬಡತನ, ಕೆಸುವಿನ ಸೊಪ್ಪು. ಇಲ್ಲಿ ಮೈಕು, ಲಕ್ಕಿ ಡ್ರಾ ಮತ್ತು ದಮಯಂತಿಯ ಪತ್ರೊಡೆ. ಪ್ರತಿ ವರ್ಷ ಟೆಂಪೋದಲ್ಲಿ ಹೋಗುತ್ತಿತ್ತು.

"ಟೆಂಪೋ ಬೇಡ ಅಂದೆ," ಎಂದಳು ದಮಯಂತಿ ಬೆಳಿಗ್ಗೆ. "ಪತ್ರೊಡೆ ನಾನೇ ತಗೊಂಡು ಹೋಗ್ತೇನೆ. ಕೀಲಿ ಕೊಡಿ."

ಯಜ್ಞೇಶ್ವರ ಚಹಾದ ಲೋಟ ಕೆಳಗಿಟ್ಟ. ಇದೇ ಮಾತಿಗಾಗಿ ಅವನು ಹಿಮಾಲಯವನ್ನೇ ಬಿಟ್ಟುಕೊಟ್ಟಿದ್ದ. ಆದರೂ ಕೇಳಿದ: "ಎಂತ ಇದ್ದಕ್ಕಿದ್ದ ಹಾಗೆ?"

"ಇನ್ನು ಮುಂದೆ ನಾನೂ ಕೈ ಜೋಡಿಸ್ಬೇಕಲ್ಲ," ಎಂದು ಅವಳು ಬೇರೆ ಕಡೆ ನೋಡಿದಳು. "ಗಾಡಿ ಓಡ್ತದಲ್ಲ? ಎಲ್ಲ ಉಂಟಲ್ಲ ಅದರಲ್ಲಿ?"

"ಎಲ್ಲ ಉಂಟು ಮಾರಾಯ್ತಿ. ಬೇಡದ್ದು ಮಾತ್ರ ಇಲ್ಲ."

ಬಾಲ್ಕನಿಗಳು ಮತ್ತೆ ತುಂಬಿದವು. ಚಿಟ್ನಿಸರು ಹೊಸ ತುಳಸಿ ಕುಂಡವನ್ನು ಎತ್ತಿ ಒಳಗಿಟ್ಟು ಬಂದು ನಿಂತರು. ಯಜ್ಞೇಶ್ವರ ಪತ್ರೊಡೆಯ ಪಾತ್ರೆಗಳನ್ನು ಹಿಂದಿನ ಸೀಟಿನಲ್ಲಿ ತನ್ವಿಯ ಪಕ್ಕ ಏರಿಸಿ, ತಾನು ಡಬ್ಬಿಯ ಜಾಗದಲ್ಲಿ ಕೂತು, ಇಲ್ಲದ ಬ್ರೇಕಿನ ಮೇಲೆ ಎರಡೂ ಕಾಲಿಟ್ಟ.

ಕಂಬ ಬಂತು. ದಮಯಂತಿ ಹಲ್ಲು ಕಚ್ಚಿ, ಹಿಂದಿನ ಸಲದಷ್ಟೇ ಬಲ ಹಾಕಿ ಸ್ಟೀಯರಿಂಗ್ ತಿರುಗಿಸಿದಳು. ಕಾವಲಿಯ ಮೇಲೆ ದೋಸೆಹಿಟ್ಟು ಸುತ್ತಿದಷ್ಟು ಸಲೀಸಾಗಿ ಅದು ತಿರುಗಿತು. ಹಾಕಿದ ಬಲ ಹೆಚ್ಚಾಗಿ ಕಾರು ಪೂರ್ತಿ ಒಂದು ಸುತ್ತು ಹಾಕಿ, ವಾಚ್‌ಮನ್ನನ್ನು ಪ್ರದಕ್ಷಿಣೆ ಬಂದು, ಮತ್ತೆ ಗೇಟಿನ ಎದುರು ನಿಂತಿತು. ಎಲ್ಲಿಯೂ ತಾಗಲಿಲ್ಲ.

ಬಾಲ್ಕನಿಯಿಂದ ಮಹಾದೇವಪ್ಪ ಶಿಳ್ಳೆ ಹಾಕಿದ.

"ನನಗೆ ಬರ್ತದೆ!" ಎಂದಳು ದಮಯಂತಿ. "ಇವರೇ, ನೋಡಿದ್ರಾ? ನನಗೆ ಬರ್ತದೆ!"

"ಮಮ್ಮಾ, ಏಕದಮ್ ಝಕಾಸ್!" ಎಂದಳು ತನ್ವಿ ಪತ್ರೊಡೆಯ ಹಿಂದಿನಿಂದ.

ಶೀಳ್‌ಫಾಟಾದ ಹೊಂಡಗಳನ್ನು ಅವಳು ಹೇಗೆ ದಾಟಿದಳೆಂದರೆ, ಅಲ್ಲಿ ಮುಳುಗಿದ್ದ ಟ್ರಕ್ಕುಗಳ ಡ್ರೈವರುಗಳು ಎದ್ದು ನಿಂತು ಸಲಾಮು ಹೊಡೆದರು. ಮಹಾಪೆಯ ಇಳಿಜಾರಿನಲ್ಲಿ ಮೋಡಗಳು ವೈಪರಿಗೆ ದಾರಿ ಬಿಟ್ಟವು. ಅವಳು ಹಾಡು ಗುನುಗುತ್ತಿದ್ದಳು. ಯಜ್ಞೇಶ್ವರ ಅವಳ ಮುಖವನ್ನೇ ನೋಡುತ್ತಾ ಕೂತಿದ್ದ. ಹತ್ತು ಸಲ ಬಾಯಿ ತೆರೆದ, ಹತ್ತು ಸಲ ಮುಚ್ಚಿದ. ಈಗ ನಿಜ ಹೇಳಿದರೆ ಈ ಹಾಡು ನಿಂತರೆ? ಬಾಯಿ ಮುಚ್ಚಿ ಇಷ್ಟು ದೂರ ಅವನು ಜನ್ಮದಲ್ಲಿ ಪ್ರಯಾಣ ಮಾಡಿರಲಿಲ್ಲ.

ಹಾಲಿನಲ್ಲಿ ಅವನು ಕಾಲಿಟ್ಟ ಕೂಡಲೇ ಜನ ಎದ್ದು ನಿಂತರು. ಮುದುಕಿಯರು ತಲೆ ಸವರಿದರು. ವೇದಿಕೆಯ ಮೇಲೆ ಸಂಘದ ಕಾರ್ಯದರ್ಶಿಯಾದ ಶೇಖರ ಮೈಕಿನ ಮುಂದೆ ನಿಂತು, "ಬಾವ, ದಯಮಾಡಿ ಮೇಲೆ ಬನ್ನಿ," ಎಂದ. ಯಜ್ಞೇಶ್ವರ ಅಂಗಿಯ ಗುಂಡಿ ಸರಿಮಾಡಿಕೊಂಡ. ರೈಲು ಎಳೆದವನಿಗೆ ಶಾಲು ಹೊದಿಸದೆ ಇರುತ್ತಾರೆಯೇ? ಮೇಲೆ ಹೋಗಿ, ಶಾಲಿಗೆ ಅನುಕೂಲವಾಗಲೆಂದು ಕತ್ತು ಸ್ವಲ್ಪ ಬಗ್ಗಿಸಿ ನಿಂತ.

"ಬಂಧುಗಳೇ," ಎಂದ ಶೇಖರ ನಡುಗುವ ದನಿಯಲ್ಲಿ. "ನನ್ನ ಬಾವ ಕೆಲಸ ಕಳ್ಕೊಂಡಿದ್ದಾರೆ. ಸಂಸಾರ ನಡೆಸ್ಲಿಕ್ಕೆ ನಾನು ಕೊಟ್ಟ ಕಾರನ್ನು ಒಂದೊಂದೇ ತುಂಡು ಕಳಚಿ ಮಾರ್ತಾ ಇದ್ದಾರೆ. ಇವತ್ತು ಅವರು ಬಂದ ಗಾಡಿಯ ಒಳಗೆ ಇನ್ನು ಎಂತೆಲ್ಲ ಉಳಿದುಂಟು, ದೇವರಿಗೇ ಗೊತ್ತು. ನಾವೆಲ್ಲ ಇದ್ದೇವೆ ಬಾವ!"

ಹಾಲಿನಲ್ಲಿ ಕೂತವರೆಲ್ಲ ಮೂಗು ಸೀಟಿದರು. "ಪನ್ವೇಲಿನ ನಮ್ಮ ಹೋಟೆಲಿನಲ್ಲಿ ಗಲ್ಲಾ ಖಾಲಿ ಉಂಟು, ನಾಳೆಯೇ ಬನ್ನಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಯಜ್ಞೇಶ್ವರನ ಬಗ್ಗಿದ ಕತ್ತು ಹಾಗೆಯೇ ನಿಂತುಬಿಟ್ಟಿತು. ಮೀನಿನವಳ ಸಿಗಡಿ, ಚಿಟ್ನಿಸರ ಕಣ್ಣೀರು, ಕುಚ್ಚಲಕ್ಕಿ, ರೊಟ್ಟಿ, ಎಲ್ಲವೂ ಒಂದರ ಹಿಂದೊಂದು ಬಂದು ಅವನ ತಲೆಗೆ ಬಡಿದವು.

"ಕೆಲಸ ಹೋಗ್ಲಿಲ್ಲ ಮಾರಾಯ್ರೆ," ಎಂದ ಮೈಕಿನಲ್ಲಿ. "ನಾಳೆ ಬೆಳಿಗ್ಗೆ ನಾನು ಗಲ್ಲಾ ತೆರೀಬೇಕು."

"ಹಾಗಾದ್ರೆ ಶಾಫ್ಟು?" ಎಂದ ಶೇಖರ.

"ಮನೆಯಲ್ಲೇ ಉಂಟು. ಮಂಚದ ಕೆಳಗೆ."

"ಮತ್ತೆ ತೆಗೆಸಿದ್ದು ಯಾಕೆ?"

ಎರಡು ಅಂದವಾದ ಸುಳ್ಳುಗಳು ನಾಲಿಗೆಯ ತುದಿಗೆ ಬಂದು ಕೂತವು. ಒಂದರಲ್ಲಿ ಕಾರ್ ರೇಸಿತ್ತು. ಇನ್ನೊಂದರಲ್ಲಿ ಮಿಲಿಟರಿಯವರಿದ್ದರು. ಅಷ್ಟರಲ್ಲಿ ಪತ್ರೊಡೆಯ ಪಾತ್ರೆಯ ಹತ್ತಿರ ಸೌಟು ಹಿಡಿದು ನಿಂತ ದಮಯಂತಿ ಕಣ್ಣಿಗೆ ಬಿದ್ದಳು. ಕಾರಿನ ಕೀಲಿ ಅವಳ ಕಿರುಬೆರಳಿನಲ್ಲಿತ್ತು.

"ಹೇಳಿ," ಎಂದಳು.

"ಗಾಡಿ ಮೊದಲಿಂದಲೂ ತಿರುಗ್ತಿರ್ಲಿಲ್ಲ," ಎಂದ ಯಜ್ಞೇಶ್ವರ. "ನನ್ನ ಕೈಗೂ ತಿರುಗ್ತಿರ್ಲಿಲ್ಲ. ಅದಕ್ಕೇ ದೇವಸ್ಥಾನ ಸುತ್ತಿ ಹೋಗ್ತಿದ್ದದ್ದು. ಭಕ್ತಿಯಿಂದ ಅಲ್ಲ. ಆವತ್ತು ಕಂಬಕ್ಕೆ ತಾಗಿಸಿದ್ದು ನೀನಲ್ಲ ದಮಯಂತಿ, ಗಾಡಿ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹೆಂಗಸರ ಕೈ ಅಂದುಬಿಟ್ಟೆ. ನೀನು ಹಿಂದೆ ಹೋಗಿ ಕೂತೆ. ಆ ಡಬ್ಬಿಯ ಜೊತೆ ಎಷ್ಟು ದಿನ ಅಂತ ಮಾತಾಡೋದು? ಮುಂದಿನ ಶಾಫ್ಟು ತೆಗೆದ್ರೆ ಹಗುರ ತಿರುಗ್ತದೆ ಅಂದ ದಿಲೀಪ. ತೆಗೆಸಿದೆ. ಈಗ ಅದು ಹಿಂದಿನ ಎರಡೇ ಚಕ್ರದ ಗಾಡಿ."



"ಅಂದ್ರೆ," ಎಂದಳು ದಮಯಂತಿ ನಿಧಾನವಾಗಿ, "ನನಗೆ ಆವತ್ತೇ ಬರ್ತಿತ್ತು?"

"ಆವತ್ತೇ ಬರ್ತಿತ್ತು."

ಅವಳು ಸೌಟು ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರಿರಬಹುದು. ಆಮೇಲೆ ತುಟಿಯ ಒಂದು ಕೊನೆ ಮೇಲೆ ಹೋಯಿತು.

"ಮತ್ತೆ ಆ ರೈಲು?"

ಯಜ್ಞೇಶ್ವರ ಮೈಕನ್ನು ಶೇಖರನ ಕಡೆ ತಳ್ಳಲು ನೋಡಿದ. ಶೇಖರ ಅದನ್ನು ವಾಪಸು ತಳ್ಳಿದ.

"ರೈಲು ಕೆಟ್ಟಿರ್ಲಿಲ್ಲ. ಕೆಟ್ಟದ್ದು ಕಾರು. ದಿಲೀಪನ ಹತ್ರ ಹೋಗುವಾಗ ಸ್ಟೇಷನ್ ಹೊರಗಿನ ತಿರುವಿನಲ್ಲಿ ಕಚ್ಚಿಕೊಂಡು ನಿಂತಿತು. ಲೋಕಲಿನಿಂದ ಇಳಿದವರು ಗ್ಯಾರೇಜಿನವರೆಗೆ ದೂಡಿದ್ದು."

"ಹನ್ನೆರಡು ಡಬ್ಬಿಯವರೂ?"

"ನಾಲ್ಕು ಜನ. ಅದರಲ್ಲಿ ಒಬ್ಬ ಬೈದದ್ದೇ ಹೆಚ್ಚು, ದೂಡಿದ್ದು ಕಡಿಮೆ."

"ಎ.ಸಿ.?"

"ಗಾಡಿ ಸ್ಟಾರ್ಟೇ ಇರ್ಲಿಲ್ಲ ಮಾರಾಯ್ತಿ. ಎ.ಸಿ. ಎಲ್ಲಿಂದ?"

ನಗು ಕೋಪರ್‌ಖೈರಣೆಯಿಂದ ಹೊರಟು ಡೊಂಬಿವಲಿಗೆ ಕೇಳಿಸಿತು. ಇಲ್ಲ, ಅಷ್ಟು ದೂರ ಹೋಗಲಿಲ್ಲ. ಹಾಲಿನ ಬಾಗಿಲವರೆಗೆ ಕೇಳಿಸಿತು. ಶೀಳ್‌ಫಾಟಾದಲ್ಲಿ ಯಾರೂ ಸಲಾಮು ಹೊಡೆದದ್ದೂ ಇಲ್ಲ, ಹಿಂದಿನ ಟ್ರಕ್ಕಿನವನು ಹಾರ್ನು ಹೊಡೆದದ್ದಷ್ಟೇ. ಸತ್ಯ ಒಮ್ಮೆ ಬಾಯಿಬಿಟ್ಟ ಮೇಲೆ ಅರ್ಧಕ್ಕೆ ನಿಲ್ಲಿಸುವುದು ಕಷ್ಟ.

ದಮಯಂತಿ ಒಂದು ಎಲೆಯಲ್ಲಿ ಬಿಸಿ ಪತ್ರೊಡೆ ಹಾಕಿ, ಮೇಲೆ ಬೆಲ್ಲ ಉದುರಿಸಿ ವೇದಿಕೆಯ ಮೇಲೆ ಇಟ್ಟಳು.

"ತಿಂದು ಬೇಗ ಬನ್ನಿ," ಎಂದು ಕೀಲಿ ಅಲ್ಲಾಡಿಸಿದಳು. "ಮುಂದಿನ ಸೀಟಿನಲ್ಲಿ ಕೂತ್ಕೊಳ್ಳಿ. ಎ.ಸಿ. ನಾನು ಹಾಕ್ತೇನೆ."